ಹೊಸ ಕಾರಿಗೆ ಹೊಸ ಕಂಠ ಬೇಕೇ?

ಪುಣೆಯಲ್ಲಿ ಹೊಸ ಕಾರು ಕೊಂಡವರಿಗೆ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. "ಆವರೇಜ್ ಎಷ್ಟು ಕೊಡುತ್ತದೆ?" ಎಂಬುದು ಒಂದು. "ಮ್ಯೂಸಿಕ್ ಸಿಸ್ಟಮ್ ಕಂಪನಿಯದ್ದೇ ಇಟ್ಟಿದ್ದೀರೋ, ಬೇರೆ ಹಾಕಿಸಿದಿರೋ?" ಎಂಬುದು ಇನ್ನೊಂದು. ಮೊದಲನೆಯದಕ್ಕೆ ಏನಾದರೊಂದು ಸಂಖ್ಯೆ ಹೇಳಿ ಪಾರಾಗಬಹುದು. ಎರಡನೆಯದಕ್ಕೆ ಉತ್ತರ ಹುಡುಕುವುದರಲ್ಲಿ ನಮ್ಮ ಮನೆಯಲ್ಲಿ ಎರಡು ತಿಂಗಳು ಕಳೆದವು. ನಿಮ್ಮಲ್ಲಿ ಎಷ್ಟೋ ಜನರಿಗೆ ಈ ಪ್ರಶ್ನೆ ಬಂದಿರುತ್ತದೆ, ಇಲ್ಲವೇ ಬರುವುದರಲ್ಲಿದೆ. ಅದಕ್ಕೇ ನಾವು ಕೇಳಿ, ಓದಿ, ಅಂಗಡಿ ಅಲೆದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತಲ್ಲ, ಅದರಿಂದ ನಮಗೂ ಒಂದಿಷ್ಟು ಹಣ ಉಳಿಯಿತು. ಉಳಿದ ಹಣದ ಸ್ವಭಾವ ನಿಮಗೆ ಗೊತ್ತೇ ಇದೆ. ದುಡಿದ ಹಣ ಸುಮ್ಮನೆ ಬ್ಯಾಂಕಿನಲ್ಲಿ ಕೂರುತ್ತದೆ, ಉಳಿದ ಹಣ ಕೂರುವುದಿಲ್ಲ. ಅಪ್ಪ-ಮಗ ಸೇರಿ ನಾನಾ ಪೇಠೆಯ ಕಡೆಯ ಒಂದು ಅಂಗಡಿಗೆ ಹೋಗಿ ಪಟ್ಟಿ ಬರೆಸಿಕೊಂಡು ಬಂದರು. ಮುಂದಿನ ಬಾಗಿಲಿಗೆ ಒಂದು ಜೋಡಿ ಸ್ಪೀಕರು, ಹಿಂದಿನ ಬಾಗಿಲಿಗೆ ಒಂದು ಜೋಡಿ, ಆಂಪ್ಲಿಫೈಯರು, ಡಿಕ್ಕಿಯಲ್ಲಿ ಸಬ್‌ವೂಫರ್ ಎಂಬ ಪೆಟ್ಟಿಗೆ, ಕೂಲಿ ಸೇರಿ 62,000 ರೂಪಾಯಿ. ಡಿಕ್ಕಿಯ ಪೆಟ್ಟಿಗೆಯನ್ನು ಪಟ್ಟಿಯಲ್ಲಿ ಕಂಡಾಗಲೇ ನಾನು ಎಚ್ಚರಗೊಂಡೆ. ಧಾರವಾಡದಿಂದ ಬರುವಾಗ ಜೋಳ, ಉಪ್ಪಿನಕಾಯಿ ಭರಣಿ, ಅತ್ತೆಯವರ ಮಡಚುವ ಕುರ್ಚಿ ಇವೆಲ್ಲ ಎಲ್ಲಿ ಕೂರಬೇಕು?

ಕಾರಿನಲ್ಲಿ ಹಾಡು ಕೇಳುವ ಆಸೆ ಇಂದಿನದಲ್ಲ. ಅಮೆರಿಕದಲ್ಲಿ ಗ್ಯಾಲ್ವಿನ್ ಸಹೋದರರು 1930ರಲ್ಲಿ ಕಾರಿಗೆಂದು ರೇಡಿಯೋ ಮಾಡಿ ಮಾರಿದರು. ಆ ರೇಡಿಯೋಕ್ಕೆ ಇಟ್ಟ ಮೋಟೊರೋಲಾ ಎಂಬ ಹೆಸರೇ ಮುಂದೆ ಕಂಪನಿಯ ಹೆಸರಾಯಿತು. ನಾವು ಚಿಕ್ಕವರಿದ್ದಾಗ ಕಾರಿನಲ್ಲಿ ರೇಡಿಯೋ ಇದ್ದರೆ ಅದು ಶ್ರೀಮಂತರ ಕಾರು. ಈಗ ಹಾಗಲ್ಲ. ಟಾಟಾದವರ ಅನೇಕ ಕಾರುಗಳಲ್ಲಿ ಹರ್ಮನ್ ಹೆಸರಿರುತ್ತದೆ, ಹ್ಯುಂಡೈ ಕ್ರೆಟಾದ ಮೇಲಿನ ಮಾದರಿಗಳಲ್ಲಿ ಬೋಸ್ ಇರುತ್ತದೆ. ಅಂಥ ಕಾರು ಕೊಂಡವರು ಈ ಲೇಖನವನ್ನು ಪಕ್ಕಕ್ಕಿಟ್ಟು ಮೊದಲು ಇರುವುದನ್ನೇ ಚೆನ್ನಾಗಿ ಕೇಳುವುದು ಒಳ್ಳೆಯದು. ನಮ್ಮದು ಮಧ್ಯಮ ಮಾದರಿ. ನಾಲ್ಕು ಬಾಗಿಲಿಗೆ ನಾಲ್ಕು ಸ್ಪೀಕರು, ಕನ್ನಡಿಯ ಬಳಿ ಎರಡು ಪುಟ್ಟ ಟ್ವೀಟರು. ಹೆಸರಿಲ್ಲದ ಸಾಮಾನು.

ಅಂಗಡಿಯವರು ಮೊದಲು ಹೇಳುವುದು ವ್ಯಾಟ್ ಲೆಕ್ಕ. ನಾನು ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದವಳು. ಷೇಕ್ಸ್‌ಪಿಯರನ ಇಂಗ್ಲಿಷ್ ಹೇಗೋ ಅರ್ಥವಾಯಿತು, ಸ್ಪೀಕರಿನ ಡಬ್ಬಿಯ ಇಂಗ್ಲಿಷ್ ಅರ್ಥವಾಗಲು ಒಂದು ವಾರ ಹಿಡಿಯಿತು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿರುವ 200, 300 ವ್ಯಾಟ್ ಒಂದು ಕ್ಷಣ ತಡೆದುಕೊಳ್ಳಬಲ್ಲ ಗರಿಷ್ಠ ಶಕ್ತಿ. ನೋಡಬೇಕಾದದ್ದು ಸಣ್ಣ ಅಕ್ಷರದ ಆರ್.ಎಂ.ಎಸ್., ಅಂದರೆ ಸತತವಾಗಿ ನಡೆಸಬಹುದಾದ ಶಕ್ತಿ. ಕಾರಿನ ಪರದೆಯ ಹಿಂದಿರುವ ಸಾಮಾನ್ಯ ಆಂಪ್ಲಿಫೈಯರಿನ ಮೇಲೆ 50 ವ್ಯಾಟ್ ಎಂದು ಬರೆದಿದ್ದರೂ, 12 ವೋಲ್ಟಿನ ಬ್ಯಾಟರಿಯಿಂದ ಅದು ಒಂದೊಂದು ಸ್ಪೀಕರಿಗೆ ನಿಜವಾಗಿ ಕೊಡುವುದು 15ರಿಂದ 20 ವ್ಯಾಟ್ ಮಾತ್ರ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ದನಿ ಎರಡು ಪಟ್ಟು ಆಗುವುದಿಲ್ಲ, ಬರೀ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಎರಡು ಪಟ್ಟು ಕೇಳಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಅದೇ, ಸ್ಪೀಕರಿನ ಸೆನ್ಸಿಟಿವಿಟಿ ಎಂಬ ಅಂಕಿ 88ರ ಬದಲು 91 ಇದ್ದರೆ ಆಂಪ್ಲಿಫೈಯರಿನ ಶಕ್ತಿ ಇಮ್ಮಡಿಸಿದಷ್ಟೇ ಲಾಭ, ಅದೂ ಪುಕ್ಕಟೆಯಾಗಿ. ಈ ಅಂಕಿಯನ್ನು ಯಾವ ಅಂಗಡಿಯವರೂ ತಾವಾಗಿ ಹೇಳಲಿಲ್ಲ. ನೀವೇ ಕೇಳಬೇಕು.

ಇರಲಿ. ನಮ್ಮ ತೊಂದರೆ ಮಾತ್ರ ವ್ಯಾಟಿನದಾಗಿರಲಿಲ್ಲ.

ನಾವು ಕಾರಿನಲ್ಲಿ ಕೇಳುವುದು ಹೆಚ್ಚಾಗಿ ಭೀಮಸೇನ ಜೋಶಿಯವರನ್ನು. ಪುಣೆಯ ಕನ್ನಡಿಗರಿಗೆ ಅವರ ಬಗ್ಗೆ ಹೇಳಬೇಕೇ? 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತು, ಗುರುವಿನ ನೆನಪಿಗೆ 1953ರಲ್ಲಿ ಇದೇ ಊರಿನಲ್ಲಿ ಉತ್ಸವ ಆರಂಭಿಸಿದವರು. ಹಾಡಿನಷ್ಟೇ ಅವರ ಕಾರಿನ ಹುಚ್ಚೂ ಪ್ರಸಿದ್ಧ; ದೂರ ದೂರದ ಕಚೇರಿಗಳಿಗೂ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಅವರ ಹಾಡನ್ನು ಪುಣೆ-ಧಾರವಾಡ ರಸ್ತೆಯಲ್ಲಿ ಕೇಳುವುದರಲ್ಲಿ ಒಂದು ಔಚಿತ್ಯವಿದೆ ಅನ್ನಿ. ಆದರೆ ಕೇಳಿಸಬೇಕಲ್ಲ! ಮನೆಯ ಹಾಲಿನಲ್ಲಿ ವಿಲಂಬಿತದ ಆರಂಭ, ತಂಬೂರಿಯ ಗುಂಗು, ಮೆಲ್ಲನೆ ಷಡ್ಜಕ್ಕೆ ಬಂದು ನಿಲ್ಲುವ ಆ ದನಿ ಎಲ್ಲವೂ ಕೇಳುತ್ತವೆ. ಕಾತ್ರಜ ದಾಟಿ ಕಾರು 80ರ ವೇಗಕ್ಕೆ ಬಂದೊಡನೆ ತಂಬೂರಿ ಮಾಯ. ದನಿ ಏರಿಸಿದರೆ, ಇಪ್ಪತ್ತು ನಿಮಿಷದ ಮೇಲೆ ದ್ರುತ್ ತಾನುಗಳು ಬಂದಾಗ ಹಿಂದಿನ ಸೀಟಿನಿಂದ ಅತ್ತೆಯವರು ಕೈ ಎತ್ತುತ್ತಾರೆ. ಮತ್ತೆ ಇಳಿಸಬೇಕು. ಸಾತಾರಾ ಬರುವ ಹೊತ್ತಿಗೆ ಹಾಡು ಕೇಳಿದ್ದಕ್ಕಿಂತ ಗುಂಡಿ ತಿರುಗಿಸಿದ್ದೇ ಹೆಚ್ಚು.

ಕಾರಣ ಸರಳ. ಹೆದ್ದಾರಿಯ ವೇಗದಲ್ಲಿ ಸಣ್ಣ ಕಾರಿನೊಳಗೆ ಗಾಳಿ, ಚಕ್ರ, ಎಂಜಿನ್ ಸೇರಿ ಸುಮಾರು 65ರಿಂದ 70 ಡೆಸಿಬೆಲ್ ಸದ್ದಿರುತ್ತದೆ. ನಾವು ಎದುರುಬದುರು ಕುಳಿತು ಮಾತಾಡುವ ದನಿಯೇ ಸುಮಾರು 60. ಆ ಸದ್ದು ಬಹುಪಾಲು ತಗ್ಗುಸ್ವರದ ಗುಡುಗು. ತಂಬೂರಿಯ ಖರ್ಜದ ತಂತಿ, ತಬಲಾದ ಬಾಯಾಂ ಇರುವುದೂ ಆ ಕೆಳಗಿನ ನೆಲೆಯಲ್ಲೇ. ಹಾಗಾಗಿ ಚಕ್ರದ ಸದ್ದು ಅವನ್ನು ನುಂಗಿಹಾಕುತ್ತದೆ. ಈಗಿನ ಸಿನಿಮಾ ಹಾಡುಗಳಿಗೆ ಈ ಕಷ್ಟವಿಲ್ಲ. ಅವುಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಎತ್ತರದ ದನಿಗೆ ಒತ್ತಿ ಮುದ್ರಿಸಿರುತ್ತಾರೆ. ಅಂಗಡಿಯಲ್ಲಿ ಕೇಳಿಸುವುದೂ ಅಂಥ ಹಾಡನ್ನೇ, ಅದೂ ನಿಂತ ಕಾರಿನಲ್ಲಿ!

ಹಾಗಾದರೆ 62,000 ರೂಪಾಯಿಯ ಸ್ಪೀಕರು ಚಕ್ರದ ಸದ್ದನ್ನು ತಗ್ಗಿಸುತ್ತದೆಯೇ ಎಂದು ನಾನು ಕೇಳಿದೆ. ಅಂಗಡಿಯ ಹುಡುಗ ನಕ್ಕ. ಆದರೆ ಅದೇ ಹುಡುಗ ಒಂದು ಒಳ್ಳೆಯ ಮಾತನ್ನೂ ಹೇಳಿದ. ಕಾರಿನ ಬಾಗಿಲಿನ ಒಳಕವಚ ತೆಗೆದು ತೋರಿಸಿ, "ಇಲ್ಲಿ ನೋಡಿ ಕಾಕೂ, ತೆಳು ತಗಡು, ನಡುವೆ ದೊಡ್ಡ ತೂತುಗಳು. ಸ್ಪೀಕರಿನ ಹಿಂದಿನ ದನಿ ಈ ತೂತಿನಿಂದ ಹೊರಬಂದು ಮುಂದಿನ ದನಿಯನ್ನೇ ಕೊಲ್ಲುತ್ತದೆ" ಎಂದ. ನನಗೆ ತಕ್ಷಣ ಮಿರಜ ನೆನಪಾಯಿತು. ಮಿರಜದ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದನ್ನು ನೀವು ಓದಿರಬಹುದು. ಅಲ್ಲಿನ ಕುಶಲಕರ್ಮಿಗಳು ತಂತಿಗಿಂತ ಹೆಚ್ಚು ಹೊತ್ತು ಕಳೆಯುವುದು ಸೋರೆಬುರುಡೆಯನ್ನು ಆರಿಸುವುದರಲ್ಲಿ, ಒಣಗಿಸುವುದರಲ್ಲಿ, ಕೂಡಿಸುವುದರಲ್ಲಿ. ಬುರುಡೆ ಒಡೆದಿದ್ದರೆ ಎಂಥ ತಂತಿ ಕಟ್ಟಿ ಏನು ಪ್ರಯೋಜನ? ಕಾರಿನಲ್ಲಿ ಬಾಗಿಲೇ ಸ್ಪೀಕರಿನ ಬುರುಡೆ. ತಗಡಿಗೆ ಬ್ಯುಟೈಲ್ ರಬ್ಬರಿನ ಹಾಳೆ ಅಂಟಿಸಿ, ಬೇಡದ ತೂತು ಮುಚ್ಚಿದರೆ ಕಂಪನಿ ಕೊಟ್ಟ ಸ್ಪೀಕರೇ ಗಟ್ಟಿಯಾಗಿ ಮಾತಾಡುತ್ತದೆ, ಹೊರಗಿನ ಸದ್ದೂ ತುಸು ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ: ಬಾಗಿಲಿನ ತಳದಲ್ಲಿ ಮಳೆನೀರು ಹರಿದುಹೋಗುವ ಸಣ್ಣ ಕಿಂಡಿಗಳಿರುತ್ತವೆ. ಅವನ್ನು ಮುಚ್ಚಕೂಡದು, ಪುಣೆಯ ಮಳೆಗಾಲಕ್ಕೆ ತಗಡು ತುಕ್ಕು ಹಿಡಿಯುತ್ತದೆ.

ಇನ್ನು ಹಿಂದಿನ ಸೀಟಿನ ವಿಷಯ. ನಮ್ಮಲ್ಲಿ ಈ ನಿರ್ಧಾರ ನಿಂತದ್ದು ಅಲ್ಲಿಯೇ. ಅತ್ತೆಯವರಿಗೆ 82 ವರ್ಷ, ಎರಡೂ ಕಿವಿಗೆ ಯಂತ್ರವಿದೆ. ಕಿವಿಯ ಯಂತ್ರಕ್ಕೆ ಹಾಡು, ಮಾತು, ಚಕ್ರದ ಸದ್ದು ಎಲ್ಲವೂ ದನಿಯೇ. ಈಗಿನ ಯಂತ್ರಗಳು ಒಂದಿಷ್ಟು ಬೇರ್ಪಡಿಸುತ್ತವೆ ನಿಜ, ಆದರೂ ಕಾರಿನಂಥ ಜಾಗದಲ್ಲಿ ಸೋಲುತ್ತವೆ. ಹಿಂದಿನ ಬಾಗಿಲಿನ ಸ್ಪೀಕರು ಗಟ್ಟಿಯಾದರೆ ಅವರಿಗೆ ಹಾಡೂ ಕೇಳುವುದಿಲ್ಲ, ನಮ್ಮ ಮಾತೂ ಕೇಳುವುದಿಲ್ಲ. ಆಗ ಅವರು ಮಾಡುವುದೇನು ಗೊತ್ತೇ? ಯಂತ್ರವನ್ನು ಕಿವಿಯಿಂದ ತೆಗೆದು ಸೊಂಟದ ಚೀಲದಲ್ಲಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ. ಧಾರವಾಡದವರೆಗೆ ನಾನ್ನೂರಕ್ಕೂ ಮೀರಿದ ಕಿಲೋಮೀಟರ್! ಸಬ್‌ವೂಫರಿನ ಗುಡುಗು ಬೆನ್ನಿಗೇ ಬಡಿಯುವ ಜಾಗವೂ ಅದೇ. ನಮ್ಮೆಲ್ಲರಿಗಿಂತ ಮೊದಲು ಧಾರವಾಡ ಆಕಾಶವಾಣಿಯಲ್ಲಿ ಮನ್ಸೂರರನ್ನೂ ಗಂಗೂಬಾಯಿಯವರನ್ನೂ ಕೇಳಿದವರು ಅವರು. ಅವರನ್ನು ಮೌನದಲ್ಲಿ ಕೂಡಿಸಿ ನಾವು ಮುಂದೆ ಸಂಗೀತ ಕೇಳುವುದು ನನಗೆ ಸರಿಕಾಣಲಿಲ್ಲ.

ನಾನು ಪರದೆಯಲ್ಲಿ ಫೇಡರ್ ಎಂಬ ಗೆರೆಯನ್ನು ಪೂರ್ತಿ ಮುಂದಕ್ಕೆ ಸರಿಸಿದೆ, ಬಾಸ್ ಅನ್ನು ಸೊನ್ನೆಗಿಂತ ಎರಡು ಮನೆ ಕೆಳಗಿಟ್ಟೆ. ವೇಗಕ್ಕೆ ತಕ್ಕಂತೆ ತಾನಾಗಿ ದನಿ ಏರಿಸುವ ಸೌಕರ್ಯ ಅನೇಕ ಹೊಸ ಕಾರುಗಳಲ್ಲಿ ಇರುತ್ತದೆ. ಅದನ್ನು ಹುಡುಕಿ ಚಾಲೂ ಮಾಡಿದೆ. ಮಗನ ಫೋನಿನ ಹಾಡಿನ ಆ್ಯಪಿನಲ್ಲಿ ಗುಣಮಟ್ಟ "ಕಡಿಮೆ" ಎಂದಿತ್ತು, ಡೇಟಾ ಉಳಿಸಲಂತೆ. ಅದನ್ನು ಮೇಲಿನದಕ್ಕೆ ಬದಲಿಸಿ, ಖಂಬಾಟ್ಕಿ ಘಾಟಿನಲ್ಲಿ ಸಿಗ್ನಲ್ ಕೈಕೊಟ್ಟರೂ ಹಾಡು ನಿಲ್ಲದಂತೆ ಬೇಕಾದ್ದನ್ನೆಲ್ಲ ಮನೆಯಲ್ಲೇ ಇಳಿಸಿಕೊಂಡೆವು. ಖರ್ಚು ಸೊನ್ನೆ. ಮುಂದಿನ ಸಲ ಕೊಲ್ಹಾಪುರದ ಹತ್ತಿರ ಅತ್ತೆಯವರು ಹಿಂದಿನಿಂದ "ಇದು ಪೂರಿಯಾ ಏನು?" ಎಂದು ಕೇಳಿದರು. ಪೂರಿಯಾವೇ ಆಗಿತ್ತು.

ಯಜಮಾನರಿಗೆ ಟ್ವೀಟರಿನ ಮೇಲೆ ಮೋಹ. ಡಬ್ಬಿಯ ಮೇಲೆ 20,000 ಹರ್ಟ್ಸ್‌ವರೆಗೆ ಎಂದು ಬರೆದಿರುತ್ತದೆ. ಅರವತ್ತು ದಾಟಿದ ಹೆಚ್ಚಿನವರ ಕಿವಿಗೆ ಅದರ ಅರ್ಧದಷ್ಟು ಎತ್ತರದ ಸ್ವರ ಕೇಳಿಸುವುದೇ ಕಷ್ಟ, ಅದರಲ್ಲೂ ಗಂಡಸರ ಕಿವಿ ಹೆಂಗಸರಿಗಿಂತ ಬೇಗ ಮಂದವಾಗುತ್ತದೆ. ಇದನ್ನು ಹೇಳಿದ ದಿನ ನಮ್ಮ ಮನೆಯಲ್ಲಿ ಚಹಾ ತುಸು ತಣ್ಣಗೇ ಉಳಿಯಿತು. ಕಿವಿಯ ಮಾತು ಬಂದದ್ದಕ್ಕೆ ಇನ್ನೊಂದು: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು, ಮಕ್ಕಳಿಗೆ 75. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ. ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಸಿಗುತ್ತದೆ. ಅದು ಖಚಿತವಲ್ಲದಿದ್ದರೂ ಅಂದಾಜಿಗೆ ಸಾಕು.

ಇಷ್ಟಾದ ಮೇಲೂ ಬದಲಾಯಿಸಬೇಕೆನಿಸಿದರೆ, ನಿಮ್ಮದೇ ಹಾಡನ್ನು ಅಂಗಡಿಗೆ ಒಯ್ಯಿರಿ. ಎರಡು ಸ್ಪೀಕರುಗಳನ್ನು ಹೋಲಿಸುವಾಗ ಎರಡರ ದನಿಯೂ ಒಂದೇ ಮಟ್ಟದಲ್ಲಿರಲಿ. ತುಸು ಗಟ್ಟಿಯಾಗಿ ಕೇಳಿಸಿದ್ದೇ ನಮ್ಮ ಕಿವಿಗೆ ಚೆನ್ನಾಗಿದೆ ಎನಿಸುತ್ತದೆ, ಅದು ಮಾರುವವರಿಗೂ ಗೊತ್ತು. ಪರದೆಯನ್ನು ಬದಲಾಯಿಸುವ ಗೋಜಿಗೆ ಹೋಗಬೇಡಿ. ಈಗಿನ ಕಾರುಗಳಲ್ಲಿ ಹಿಂದಿನ ಕ್ಯಾಮೆರಾ, ಸ್ಟೀರಿಂಗಿನ ಗುಂಡಿಗಳು ಎಲ್ಲವೂ ಅದಕ್ಕೆ ಸೇರಿಕೊಂಡಿರುತ್ತವೆ. ವೈರು ಕತ್ತರಿಸದೆ ಕಪ್ಲರ್ ಮೂಲಕವೇ ಜೋಡಿಸುವಂತೆ ಪಟ್ಟುಹಿಡಿಯಿರಿ. ಕತ್ತರಿಸಿದ ಕಡೆ ಮುಂದೆ ವಿದ್ಯುತ್ ದೋಷ ಬಂದರೆ ವಾರಂಟಿ ಕೇಳುವುದು ಕಷ್ಟ. ನಮ್ಮ ಪರಿಚಿತರೊಬ್ಬರಿಗೆ ಕಿಟಕಿಯ ಮೋಟಾರಿನ ವಿಷಯದಲ್ಲಿ ಹಾಗೆಯೇ ಆಯಿತು. ಮಾಡಿಸುವ ಮೊದಲು ಸರ್ವಿಸ್ ಸೆಂಟರಿನಲ್ಲಿ ಬರವಣಿಗೆಯಲ್ಲಿ ಕೇಳಿಕೊಳ್ಳಿ. ದುಬಾರಿ ಸಾಮಾನಾದರೆ ವಿಮೆಯ ಪಾಲಿಸಿಯಲ್ಲಿಯೂ ಅದರ ಬೆಲೆ ನಮೂದಾಗಬೇಕು, ಇಲ್ಲದಿದ್ದರೆ ಕಳವಾದಾಗ ಪರಿಹಾರ ಸಿಗಲಿಕ್ಕಿಲ್ಲ.

ನಾವು ಕೊನೆಗೆ ಮಾಡಿಸಿದ್ದು ಇಷ್ಟು: ಮುಂದಿನ ಎರಡು ಬಾಗಿಲಿಗೆ ರಬ್ಬರ್ ಹಾಳೆ, ಅದೇ ಬಾಗಿಲಿಗೆ ಒಳ್ಳೆಯ ಸೆನ್ಸಿಟಿವಿಟಿಯ ಒಂದು ಜೋಡಿ ಸ್ಪೀಕರು. ಹಿಂದಿನವು ಕಂಪನಿಯವೇ. ಆಂಪ್ಲಿಫೈಯರಿಲ್ಲ, ಡಿಕ್ಕಿಯ ಪೆಟ್ಟಿಗೆಯಿಲ್ಲ. ಒಟ್ಟು 13,500 ರೂಪಾಯಿ. ಮಗನಿಗೆ ಇನ್ನೂ ಪೂರ್ಣ ಸಮಾಧಾನವಿಲ್ಲ, ಅವನ ಕಾರು ಅವನು ಕೊಂಡಾಗ ನೋಡಿಕೊಳ್ಳಲಿ. ಹಾಂ, ಬಿಚ್ಚಿದ ಹಳೆಯ ಸ್ಪೀಕರುಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಕಾರು ಮಾರುವಾಗ ಅವನ್ನೇ ಹಿಂದಕ್ಕೆ ಕೂಡಿಸಿ, ಹೊಸವನ್ನು ಮುಂದಿನ ಕಾರಿಗೆ ಒಯ್ಯಬಹುದು. ನಮ್ಮವು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಅಟ್ಟದ ಮೇಲೆ, ಗೌರಿ-ಗಣಪತಿಯ ಸಾಮಾನಿನ ಪಕ್ಕದಲ್ಲಿವೆ.