ಕಿರೀಟದ ಕೆಳಗಿನ ಇಸವಿ

ಜವಳಗೇರಾದ ಆ ಹಿರಿಯರು ಪೊಲೀಸ್ ಆರ್ಮರಿಯಲ್ಲಿ ಕೈಗೆ ಎಣ್ಣೆ ಮೆತ್ತಿಕೊಂಡೇ ನೌಕರಿ ಮುಗಿಸಿದವರು. ಮಾತು ‘ತ್ರೀ ನಾಟ್ ತ್ರೀ’, ಅಂದರೆ .303 ಲೀ-ಎನ್‌ಫೀಲ್ಡ್ ರೈಫಲಿನ ಕಡೆ ಹೊರಳಿದ್ದೇ ತಡ, ಹಳೆಯ ಕ್ಯಾಲೆಂಡರ್ ಹಾಳೆಯೊಂದನ್ನು ಬೋರಲು ಹಾಕಿ ಪೆನ್ಸಿಲ್ ಹಿಡಿದರು. ಮೊದಲು ಬರೆದದ್ದು ಕಿರೀಟ. ಅದರಡಿ ಜಿ.ಆರ್.ಐ. ಅಂದರೆ ದೊರೆಯೂ ಚಕ್ರವರ್ತಿಯೂ ಆದ ಜಾರ್ಜ್. ಅದರಡಿ ಕಾರ್ಖಾನೆಯ ಹೆಸರು ಇಷಾಪುರ್, ಆಮೇಲೆ ಇಸವಿ, ಕೊನೆಗೆ ಮಾದರಿಯ ಹೆಸರು. ಇವೆಲ್ಲ ಇರುವುದು ರಿಸೀವರಿನ, ಪೊಲೀಸರ ಬಾಯಲ್ಲಿ ‘ಬಾಡಿ’ಯ, ಹಿಂತುದಿಯಲ್ಲಿ, ಬೋಲ್ಟಿನ ಹಿಡಿ ಕೆಳಗೆ ಬಾಗುವ ಬಲಬದಿಗೆ.

‘ನೋಡ್ರಿ ಸರ, ಕಿರೀಟ ಯಾರರ ಒತ್ತತಾರ. ಇಸವಿ ಸರಿ ಒತ್ತೂದು ಕಷ್ಟ ಐತಿ’ ಎಂದರು.

ಆ ಮಾತಿನ ತೂಕ ಗೊತ್ತಾಗಬೇಕಾದರೆ ಪೆಶಾವರದ ಕಡೆಯ ದರ್ರಾ ಆದಂ ಖೇಲ್ ನೆನೆಯಬೇಕು. ಅಲ್ಲಿನ ಕುಲುಮೆಗಳಲ್ಲಿ ಕೈಯಿಂದಲೇ ತಿದ್ದಿ ತೀಡಿದ ಲೀ-ಎನ್‌ಫೀಲ್ಡ್ ನಕಲುಗಳು ದೂರದಿಂದ ನೋಡಿದರೆ ಅಪ್ಪಟ ಅಸಲಿ. ಆದರೆ ಇಂಗ್ಲಿಷ್ ಬಾರದ ಕುಶಲಕರ್ಮಿ ಅಕ್ಷರವನ್ನು ಚಿತ್ರವೆಂದು ನೋಡಿ ಕೆತ್ತಿದ. ಎನ್‌ಫೀಲ್ಡಿನ ‘ಎನ್’ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿತು. ಇನ್ನು ಕೆಲವುಗಳ ಮೇಲೆ ವಿಕ್ಟೋರಿಯಾ ರಾಣಿಯ ವಿ.ಆರ್., ಕೆಳಗೆ ಆಕೆ ತೀರಿಹೋದ ಮೇಲಿನ ಇಸವಿ. ರಾಣಿ ತೀರಿದ್ದು 1901ರಲ್ಲಿ, ಮಾರ್ಕ್ ತ್ರೀ ಮಾದರಿ ಬಂದದ್ದು 1907ರಲ್ಲಿ. ಈ ಎರಡು ಇಸವಿ ಗೊತ್ತಿದ್ದರೆ ಅರ್ಧ ನಕಲು ಅಲ್ಲೇ ಸಿಕ್ಕಿಬೀಳುತ್ತದೆ.

ಗುರುತು ಒತ್ತುವುದು ಬ್ರಿಟಿಷರು ತಂದ ರೂಢಿಯೇನಲ್ಲ. ಟಿಪ್ಪುವಿನ ಕಾರ್ಖಾನೆಗಳ ಕೋವಿಗಳಲ್ಲೂ ಹುಲಿಪಟ್ಟೆ, ತಯಾರಾದ ಊರು, ಟಿಪ್ಪುವೇ ಜಾರಿಗೆ ತಂದ, ಬಲದಿಂದ ಎಡಕ್ಕೆ ಓದಬೇಕಾದ ಮೌಲೂದಿ ಶಕೆಯ ಇಸವಿ ಇವೆ.

ಬಂಗಾಳದ ಇಷಾಪುರದಲ್ಲಿ ರೈಫಲ್ ಕಾರ್ಖಾನೆ ಶುರುವಾದದ್ದು 1904ರಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ ನಂಬರ್ ಫೋರ್ ಮಾದರಿಗೆ ಜಿಗಿದರೂ ಇಷಾಪುರ ಹಳೆಯ ನಂಬರ್ ಒನ್ ಮಾರ್ಕ್ ತ್ರೀಯನ್ನೇ ಮಾಡುತ್ತ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ಇಷಾಪುರ್ ಎಂಬ ಇಡೀ ಹೆಸರಿನ ಜಾಗಕ್ಕೆ ಆರ್‌ಎಫ್‌ಐ ಎಂಬ ಮೂರಕ್ಷರ ಬಂತು. ಕಿರೀಟದ ಗತಿ? ‘ಕಿರೀಟ ಹೋತು, ನಮ್ಮ ಮಸ್ಕಿ ಅಶೋಕನ ಸಿಂಹ ಬಂತು’ ಎಂದು ಹಿರಿಯರು ನಕ್ಕರು. ಆ ಹೆಮ್ಮೆ ಸುಳ್ಳೇನಲ್ಲ. ಅಶೋಕನ ಹೆಸರನ್ನೇ ನೇರವಾಗಿ ಹೇಳುವ ಶಾಸನ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಸಿಕ್ಕಿತು, ಕಂಡವರು ಚಿನ್ನ ಹುಡುಕಿಕೊಂಡು ಬಂದಿದ್ದ ಎಂಜಿನಿಯರ್ ಬೀಡನ್.

ಹಾಳೆಯ ಮೂಲೆಯಲ್ಲಿ ಅವರು ಬರೆದ ಇನ್ನೊಂದು ಅಂಕಿ ಎಲ್ಲಕ್ಕಿಂತ ಸ್ವಾರಸ್ಯದ್ದು: .410. ಬಾಡಿ ನೋಡಿದರೆ ಅಸಲಿ ಲೀ-ಎನ್‌ಫೀಲ್ಡ್, ಗುರುತುಗಳೂ ಅಸಲಿ. ಆದರೆ ನಳಿಗೆಯ ಒಳಗಿನ ಸುರುಳಿ ಗೆರೆಗಳನ್ನು ಕೊರೆದು ತೆಗೆದು ನುಣುಪು ಮಾಡಿ, ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ಬಡಿದಿರುತ್ತಾರೆ. ಒಂದು ಸಲಕ್ಕೆ ಒಂದೇ ತೋಟಾ. ಅದೂ .303 ತೋಟಾದ ಕತ್ತು ಕಿರಿದು ಮಾಡದೆ ನೆಟ್ಟಗೆ ಬಿಟ್ಟ ವಿಶೇಷ ತೋಟಾ. ಪೊಲೀಸರಿಗೆ, ಜೈಲು ಕಾವಲಿಗೆ ಕೊಡಲೆಂದೇ ಹೀಗೆ ಮಾಡಿದ್ದು. ಕಳುವಾದರೂ, ಸಿಪಾಯಿಯೇ ತಿರುಗಿಬಿದ್ದರೂ ಅದು ಸೇನೆಯ ರೈಫಲಿಗೆ ಸಮ ಆಗಬಾರದು. ಒಳ್ಳೆಯ ಬಂದೂಕನ್ನು ಕಾರ್ಖಾನೆಯೇ ಕೂತು ಕೆಡಿಸಿ, ಕೆಡಿಸಿದ್ದಕ್ಕೂ ನಂಬರ್ ಒತ್ತಿ ರಿಜಿಸ್ಟರಿಗೆ ಏರಿಸಿದ್ದು! 1857ರ ಸಿಪಾಯಿ ದಂಗೆಯ ಹೆದರಿಕೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಸಂಗ್ರಹಕಾರರು ಇಂಥದ್ದನ್ನು ಕಂಡು ಮೂಗು ಮುರಿಯುತ್ತಾರೆ. ಅಪ್ಪಟ .303ಗಿಂತ ಇದರಲ್ಲೇ ಹೆಚ್ಚು ಇತಿಹಾಸ ಇದೆ ಎನ್ನುವುದು ಅವರಿಗೆ ಹೊಳೆದಂತಿಲ್ಲ.

ನಂಬರ್ ಹೊಂದಾಣಿಕೆಯ ವಿಷಯದಲ್ಲೂ ಸಂಗ್ರಹಕಾರರದು ಅತಿಯಾದ ಮಡಿ. ಬಾಡಿ, ಬೋಲ್ಟ್, ನಳಿಗೆಯ ಮೇಲೆ ಒಂದೇ ನಂಬರ್ ಇರಬೇಕು, ಇಲ್ಲದಿದ್ದರೆ ಗುಮಾನಿ ಎನ್ನುತ್ತಾರೆ. ದಶಕಗಟ್ಟಲೆ ಠಾಣೆಯಿಂದ ಠಾಣೆಗೆ ಅಲೆದ ರೈಫಲಿಗೆ ಈ ನಿಯಮ ಹೇಗೆ ಒಪ್ಪೀತು? ಸವೆದ ಬೋಲ್ಟ್ ತೆಗೆದು ಬೇರೆಯದನ್ನು ಕೂರಿಸಿ ನಂಬರ್ ಹೊಡೆದು ಹಾಕಿ ಹೊಸದು ಒತ್ತುವುದು ಸರ್ಕಾರಿ ರಿಪೇರಿಯಲ್ಲಿ ಮಾಮೂಲು. ಹಾಗೆಂದು ಸಿಕ್ಕವರೆಲ್ಲ ಕೈ ಹಾಕುವಂತಿಲ್ಲ: ಬಂದೂಕಿನ ಗುರುತು ಅಳಿಸುವುದು, ತಿದ್ದುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮಿನಡಿ ನಿಷಿದ್ಧ.

ಚೀನಾ ಯುದ್ಧದ ಮರುವರ್ಷ ಇಷಾಪುರ ಇದೇ ಲೀ-ಎನ್‌ಫೀಲ್ಡ್ ವಿನ್ಯಾಸವನ್ನು 7.62 ಮಿ.ಮೀ. ತೋಟಾಗೆ ಒಗ್ಗಿಸಿ 2ಎ ಮಾಡಿತು, ಬೆನ್ನಿಗೇ 2ಎ1. ಮ್ಯಾಗಜಿನ್ ಚೌಕಾಕಾರ, ಬಾಡಿಯ ಉಕ್ಕು ಇನ್ನಷ್ಟು ಗಟ್ಟಿ. ಮುಂದೆ ಇವು ಅಮೆರಿಕಕ್ಕೆ ಮಾರಾಟವಾದಾಗ ಅಲ್ಲಿನ ವ್ಯಾಪಾರಿಗಳು ನಳಿಗೆ ಕತ್ತರಿಸಿ, ಬಾಯಿಗೆ ಆಲಿಕೆಯಂಥದ್ದನ್ನು ಸಿಕ್ಕಿಸಿ ‘ಜಂಗಲ್ ಕಾರ್ಬೈನ್’ ಎಂದು ಮಾರಿದರು. ನಿಜವಾದ ಜಂಗಲ್ ಕಾರ್ಬೈನ್ ನಂಬರ್ ಫೈವ್, .303 ಬೋರಿನದು, ಬ್ರಿಟನ್‌ನಲ್ಲಿ 1944ರಿಂದ 1947ರವರೆಗೆ ಮಾತ್ರ ತಯಾರಾದದ್ದು. ಮಾರಿದ ಮಾಲಿನ ಬಾಡಿಯ ಮೇಲಾದರೋ ಆರ್‌ಎಫ್‌ಐ, ಅದರಡಿ ಅರವತ್ತರ ದಶಕದ ಇಸವಿ.