ಅತ್ಯುನ್ನತ ಕಾರ್ಯಕ್ಷಮತೆಯ ಕಾರು ಟೈರು

ಅತ್ಯುನ್ನತ ಕಾರ್ಯಕ್ಷಮತೆಯ ಟೈರು ಎಂಬುದು ಹೆಚ್ಚಿನ ವೇಗ, ತೀಕ್ಷ್ಣ ತಿರುವು ಹಾಗೂ ಬಲವಾದ ಬ್ರೇಕಿನ ಸಂದರ್ಭಗಳಲ್ಲಿಯೂ ರಸ್ತೆಯ ಮೇಲಿನ ಹಿಡಿತವನ್ನು ಉಳಿಸಿಕೊಳ್ಳುವಂತೆ ರೂಪಿಸಲಾದ ಕಾರಿನ ಟೈರು. ವ್ಯಾಪಾರದಲ್ಲಿ ಇದನ್ನು ಸಂಕ್ಷಿಪ್ತವಾಗಿ ಯುಎಚ್‌ಪಿ ಟೈರು ಎನ್ನುತ್ತಾರೆ. ಈ ಹೆಸರಿಗೆ ಕಾನೂನುಬದ್ಧ ವ್ಯಾಖ್ಯೆಯಿಲ್ಲ. ಪ್ರತಿಯೊಂದು ತಯಾರಕ ಸಂಸ್ಥೆಯೂ ತನ್ನದೇ ಅಳತೆಗೋಲಿನಿಂದ ಬಳಸುತ್ತದೆ. ಸಾಮಾನ್ಯವಾಗಿ ಅಗಲವಾದ ಮೈ, ಗಿಡ್ಡನೆಯ ಪಕ್ಕೆ, 16 ಅಂಗುಲ ಅಥವಾ ಅದಕ್ಕಿಂತ ದೊಡ್ಡ ರಿಮ್ಮು ಮತ್ತು ಗಂಟೆಗೆ 240 ಕಿ.ಮೀ. ಅಥವಾ ಹೆಚ್ಚಿನ ವೇಗಕ್ಕೆ ಮಾನ್ಯತೆ ಇವುಗಳ ಲಕ್ಷಣಗಳು.

ಹಿನ್ನೆಲೆ

ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದರು. ಫ್ರಾನ್ಸಿನ ಮಿಶೆಲಿನ್ ಸಂಸ್ಥೆ 1946ರಲ್ಲಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಇದರಲ್ಲಿ ಒಳಗಿನ ಎಳೆಗಳು ಅಂಚಿನಿಂದ ಅಂಚಿಗೆ ನೇರವಾಗಿ ಸಾಗಿ, ಅವುಗಳ ಮೇಲೆ ಉಕ್ಕಿನ ಪಟ್ಟಿಗಳು ಬರುತ್ತವೆ. 1970ರ ದಶಕದಲ್ಲಿ ಇಟಲಿಯ ಪಿರೆಲ್ಲಿ ಸಂಸ್ಥೆಯ ಪಿ7 ಟೈರು ಮೋಟಾರು ಸ್ಪರ್ಧೆಗಳಿಂದ ಸಾರ್ವಜನಿಕ ರಸ್ತೆಯ ವೇಗದ ಕಾರುಗಳಿಗೆ ಬಂದು, ಅಗಲ ಮೈ ಮತ್ತು ಗಿಡ್ಡ ಪಕ್ಕೆಯ ಟೈರುಗಳಿಗೆ ದಾರಿ ಮಾಡಿತು. 1990ರ ದಶಕದಲ್ಲಿ ರಬ್ಬರಿನ ಮಿಶ್ರಣದಲ್ಲಿ ಸಿಲಿಕಾ ಬಳಕೆ ಹೆಚ್ಚಿದ ಮೇಲೆ ಒದ್ದೆ ರಸ್ತೆಯ ಹಿಡಿತ ಗಮನಾರ್ಹವಾಗಿ ಸುಧಾರಿಸಿತು.

ಕರ್ನಾಟಕದಲ್ಲಿ ಟೈರು ಉದ್ಯಮದ ಪ್ರಮುಖ ಕೇಂದ್ರ ಮೈಸೂರು. ಅಲ್ಲಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಟೈರ್ ಸಂಸ್ಥೆಯ ವಶಕ್ಕೆ ಬಂದಿತು.

ಟೈರಿನ ಮೇಲಿನ ಬರಹ

ಟೈರಿನ ಪಕ್ಕೆಯ ಮೇಲೆ 205/45 ಆರ್ 17 88 ಡಬ್ಲ್ಯು ಎಂಬಂಥ ಬರಹವಿರುತ್ತದೆ. ಇದರಲ್ಲಿ 205 ಎಂಬುದು ಮಿ.ಮೀ.ಗಳಲ್ಲಿ ಅಗಲ. 45 ಎಂಬುದು ಆ ಅಗಲದ ಶೇಕಡಾ 45ರಷ್ಟು ಎತ್ತರದ ಪಕ್ಕೆಯನ್ನು, ಅಂದರೆ ಸುಮಾರು 92 ಮಿ.ಮೀ.ಯನ್ನು ಸೂಚಿಸುತ್ತದೆ. ಆರ್ ಎಂದರೆ ರೇಡಿಯಲ್. 17 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. 88 ಎಂಬುದು ಭಾರದ ಸೂಚ್ಯಂಕ: ಒಂದು ಟೈರು 560 ಕಿ.ಗ್ರಾಂ. ಹೊರಬಲ್ಲದು. ಕೊನೆಯ ಅಕ್ಷರ ವೇಗದ ಮಿತಿ. ಟಿ ಎಂದರೆ ಗಂಟೆಗೆ 190, ಎಚ್ ಎಂದರೆ 210, ವಿ ಎಂದರೆ 240, ಡಬ್ಲ್ಯು ಎಂದರೆ 270, ವೈ ಎಂದರೆ 300 ಕಿ.ಮೀ. ಇದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮಿತಿಯೇ ಹೊರತು ಆ ವೇಗದಲ್ಲಿ ಓಡಿಸಲು ಕೊಟ್ಟ ಪರವಾನಗಿಯಲ್ಲ.

ಅನುಕೂಲಗಳು

ಕಾರಿನ ಇಡೀ ಭಾರವು ನಾಲ್ಕು ಅಂಗೈಯಷ್ಟು ಜಾಗದ ಮೂಲಕ ರಸ್ತೆಯನ್ನು ಮುಟ್ಟುತ್ತದೆ. ಯುಎಚ್‌ಪಿ ಟೈರಿನ ಮೃದು ಹಾಗೂ ಅಂಟುಗುಣದ ರಬ್ಬರು ಈ ಜಾಗದಲ್ಲಿ ಹೆಚ್ಚು ಬಿಗಿಯಾಗಿ ಹಿಡಿಯುವುದರಿಂದ ಬ್ರೇಕು ಹಾಕಿದಾಗ ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತದೆ. ಗಿಡ್ಡ ಪಕ್ಕೆ ಹೆಚ್ಚು ಬಾಗದ ಕಾರಣ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ಸ್ಪಂದಿಸುತ್ತದೆ. ಉದ್ದುದ್ದನೆಯ ಅಗಲ ತೋಡುಗಳು ಮಳೆನೀರನ್ನು ಹೊರದಬ್ಬುತ್ತವೆ. ಹೆಚ್ಚಿನ ಉಷ್ಣತೆಯನ್ನು ತಾಳಿಕೊಳ್ಳುವ ರಚನೆಯೂ ಇವುಗಳಿಗಿದೆ.

ಮಿತಿಗಳು

ಮೃದು ರಬ್ಬರು ಬೇಗ ಸವೆಯುತ್ತದೆ. ಅಮೆರಿಕದ ಪದ್ಧತಿಯಂತೆ ಟೈರಿನ ಮೇಲೆ ಮುದ್ರಿಸುವ ಸವೆತದ ಅಂಕ ಈ ವರ್ಗದಲ್ಲಿ ಹಲವೊಮ್ಮೆ 200ರಿಂದ 340ರ ಆಸುಪಾಸಿನಲ್ಲಿದ್ದರೆ, ಸಾಧಾರಣ ಪ್ರಯಾಣದ ಟೈರುಗಳಲ್ಲಿ 400 ದಾಟುವುದುಂಟು. ಅಂಕ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು. ಉರುಳುವಾಗಿನ ಪ್ರತಿರೋಧ ಹೆಚ್ಚಾದರೆ ಇಂಧನವೂ ಹೆಚ್ಚು ಖರ್ಚಾಗುತ್ತದೆ. ಸದ್ದು ಹಾಗೂ ಕುಲುಕಾಟ ಕಾರಿನೊಳಗೆ ಹೆಚ್ಚು ತಟ್ಟುತ್ತವೆ. ಬೇಸಿಗೆಗೆಂದೇ ರೂಪಿಸಿದ ಮಾದರಿಗಳ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ಈ ತೊಂದರೆ ಅಪರೂಪ.

ಗುಂಡಿಗೆ ಬಿದ್ದಾಗ ಆಗುವ ಹಾನಿಯೇ ಎಲ್ಲಕ್ಕಿಂತ ದೊಡ್ಡ ಮಿತಿ. ಎತ್ತರದ ಪಕ್ಕೆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಗಿಡ್ಡ ಪಕ್ಕೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜಿಹೋಗಿ ಒಳಗಿನ ಎಳೆಗಳು ಹರಿಯುತ್ತವೆ. ಹೊರಗೆ ಬುಗುಟು ಏಳುತ್ತದೆ. ಇಂಥ ಟೈರನ್ನು ಪಂಕ್ಚರಿನಂತೆ ದುರಸ್ತಿ ಮಾಡಲಾಗದು, ಬದಲಿಸಲೇಬೇಕು. ರಿಮ್ಮೂ ಡೊಂಕಾಗಬಹುದು.

ಕಲಬುರಗಿ ಸೀಮೆಯ ಸಂದರ್ಭ

ದಿನಬಳಕೆಯ ಚಾಲಕರಿಗೆ ಈ ಟೈರು ಒಗ್ಗುವುದೇ ಎಂಬುದನ್ನು ಊರಿನ ರಸ್ತೆ ಮತ್ತು ಹವೆ ನಿರ್ಧರಿಸುತ್ತವೆ. ಕಲಬುರಗಿ ಇದಕ್ಕೆ ಒಳ್ಳೆಯ ನಿದರ್ಶನ. ನಗರದಿಂದ ಕಮಲಾಪುರದ ಮೂಲಕ ಹುಮನಾಬಾದ್, ಬೀದರ್ ಕಡೆಗೆ ರಾಷ್ಟ್ರೀಯ ಹೆದ್ದಾರಿ 50 ಸಾಗುತ್ತದೆ. ಜಿಲ್ಲೆಯ ಬಹುಭಾಗ ಎರೆಭೂಮಿ. ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲಿನ ರಸ್ತೆ ಕುಸಿದು ಏರುಪೇರಾಗುತ್ತದೆ. ಸಿಮೆಂಟು ಮತ್ತು ಶಹಾಬಾದ್ ಕಲ್ಲು ಸಾಗಿಸುವ ಲಾರಿಗಳ ಭಾರವೂ ಇದಕ್ಕೆ ಸೇರುತ್ತದೆ. ಮಳೆಗಾಲದಲ್ಲಿ ಹೊಲದಿಂದ ಬರುವ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಎರೆಕೆಸರನ್ನು ಹರಡಿರುತ್ತವೆ. ಕೆಸರು ತೋಡುಗಳನ್ನು ತುಂಬಿಕೊಂಡರೆ ಯಾವ ಬೆಲೆಯ ಟೈರೂ ಜಾರುತ್ತದೆ. ಅಲ್ಲಿ ವೇಗ ತಗ್ಗಿಸುವುದೊಂದೇ ರಕ್ಷಣೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಯುಎಚ್‌ಪಿ ಟೈರಿನ ಉಷ್ಣ ತಾಳಿಕೆ ಇಲ್ಲಿ ಉಪಯುಕ್ತವಾದರೂ, ಗಾಳಿ ಕಡಿಮೆಯಿದ್ದರೆ ಆ ಗುಣವೂ ಕಾಪಾಡದು. ಗಾಳಿ ಇಳಿದ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗಿ ಕಾವೇರಿ ಕೊನೆಗೆ ಸಿಡಿಯಬಹುದು. ವೇಗದ ವಿಷಯಕ್ಕೆ ಬಂದರೆ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೇ ಕಾರಿನ ಮಿತಿ ಗಂಟೆಗೆ 100 ಕಿ.ಮೀ. ಹೀಗಾಗಿ 270 ಕಿ.ಮೀ. ವೇಗದ ಮಾನ್ಯತೆಗೆ ತೆತ್ತ ಹಣದ ಬಹುಪಾಲು ಬಳಕೆಯಾಗದೆ ಉಳಿಯುತ್ತದೆ. ಚಾಲಕನಿಗೆ ದಕ್ಕುವುದು ಬ್ರೇಕಿನ ಮತ್ತು ಒದ್ದೆ ರಸ್ತೆಯ ಹಿಡಿತ ಮಾತ್ರ.

ಆಯ್ಕೆ

ಕಾರ್ಖಾನೆಯಿಂದಲೇ ಯುಎಚ್‌ಪಿ ಟೈರಿನೊಂದಿಗೆ ಬರುವ ಶಕ್ತಿಶಾಲಿ ಕಾರುಗಳಿಗೆ ಅದೇ ದರ್ಜೆಯ ಟೈರು ಹಾಕಬೇಕು; ಕಡಿಮೆ ವೇಗದ ಮಾನ್ಯತೆಯದಕ್ಕೆ ಇಳಿಯಬಾರದು. ಸಾಧಾರಣ ಕಾರಿಗೆ ಅಂದಕ್ಕಾಗಿ ದೊಡ್ಡ ರಿಮ್ಮು ಹಾಕಿಸುವುದು ಬೇರೆ ಮಾತು. ಉದಾಹರಣೆಗೆ 185/65 ಆರ್ 15 ಟೈರಿನ ಬದಲು 205/45 ಆರ್ 17 ಹಾಕಿದರೆ ಒಟ್ಟು ವ್ಯಾಸ 621 ಮಿ.ಮೀ.ಯಿಂದ 616 ಮಿ.ಮೀ.ಗೆ ಇಳಿದು ಹೆಚ್ಚು ಕಡಿಮೆ ಸಮವೇ ಇರುತ್ತದೆ. ಆದರೆ ಪಕ್ಕೆಯ ಎತ್ತರ 120ರಿಂದ 92 ಮಿ.ಮೀ.ಗೆ ಇಳಿಯುತ್ತದೆ. ಮೊದಲಿನ ಟೈರಿನ ಭಾರದ ಸೂಚ್ಯಂಕ 88. ಹೊಸದರಲ್ಲಿ 84 ಸೂಚ್ಯಂಕದ ಮಾದರಿಯೂ ದೊರೆಯುತ್ತದೆ. ಅದು ಹೊರುವುದು 500 ಕಿ.ಗ್ರಾಂ. ಮಾತ್ರ. ನೋಟಕ್ಕೆ ದಪ್ಪನಾದ ಟೈರು ನಾಲ್ಕೂ ಸೇರಿ 240 ಕಿ.ಗ್ರಾಂ. ಕಡಿಮೆ ಹೊರುತ್ತದೆ. ಕುಟುಂಬ, ಸಾಮಾನು ತುಂಬಿದ ಕಾರಿನಲ್ಲಿ ಇದು ಅಪಾಯಕಾರಿ.

ಆದುದರಿಂದ ಶಾಲೆ, ಕಚೇರಿ, ಊರು ಎಂದು ಓಡಾಡುವ ಸಾಧಾರಣ ಕಾರಿಗೆ ತಯಾರಕರು ಸೂಚಿಸಿದ ಅಳತೆಯಲ್ಲಿಯೇ, ಒದ್ದೆ ರಸ್ತೆಯ ಹಿಡಿತ ಚೆನ್ನಾಗಿರುವ ಪ್ರಯಾಣದ ಟೈರು ಹೆಚ್ಚು ಸೂಕ್ತ. ಆ ಅಳತೆಯನ್ನು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಕಾಣಬಹುದು.

ನಿರ್ವಹಣೆ

ಗಾಳಿಯ ಒತ್ತಡವನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ಅಳೆಯಬೇಕು. ಉಷ್ಣತೆ ಸುಮಾರು 5.5 ಡಿಗ್ರಿ ಏರಿದರೆ ಒತ್ತಡ ಅಂದಾಜು 1 ಪಿಎಸ್‌ಐ ಏರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ, ತಣ್ಣಗಾದ ಮೇಲೆ ಅದು ಕೊರತೆಯಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ತೋಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ತೋಡುಗಳ ತಳದ ಸಣ್ಣ ಉಬ್ಬುಗಳು ಹೊರಮೈಗೆ ಸಮನಾದರೆ ಆ ಮಿತಿ ಮುಟ್ಟಿದೆ ಎಂದರ್ಥ. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ತಯಾರಿಕೆಯ ಕಾಲವನ್ನು ಹೇಳುತ್ತವೆ: 2324 ಎಂದರೆ 2024ರ 23ನೆಯ ವಾರ. ಬಳಸದೆ ನಿಂತ ಟೈರೂ ವರ್ಷಗಳು ಕಳೆದಂತೆ ಗಡುಸಾಗುವುದರಿಂದ, ಕೊಳ್ಳುವಾಗ ಈ ಅಂಕಿಗಳನ್ನು ನೋಡುವುದು ಅವಶ್ಯಕ.