ಲೂಟೆಫಿಸ್ಕ್ ಎಂಬ ಕ್ಷಾರಮತ್ಸ್ಯ

ಆಹಾರವನ್ನು ಕೆಡದಂತೆ ಕಾಪಾಡುವ ವಿದ್ಯೆ ಎಲ್ಲ ದೇಶಗಳಲ್ಲಿಯೂ ಉಂಟು. ನಾರ್ವೆಯವರಾದರೋ ಮೀನನ್ನು ಸಾಬೂನಿನ ಹೊಸ್ತಿಲವರೆಗೆ ಕರೆದೊಯ್ದು, ಅಲ್ಲಿಂದ ಉಪಾಯವಾಗಿ ಹಿಂದಕ್ಕೆ ತಂದು, ಕ್ರಿಸ್ಮಸ್ ಕಾಲದ ಔತಣದಲ್ಲಿ ಬಡಿಸುವರು. ಇದಕ್ಕೆ ಲೂಟೆಫಿಸ್ಕ್ ಎಂದು ಹೆಸರು. ‘ಲೂಟ್’ ಎಂದರೆ ಕ್ಷಾರಜಲ, ‘ಫಿಸ್ಕ್’ ಎಂದರೆ ಮೀನು.

ಉತ್ತರ ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿ ಚಳಿಗಾಲದಲ್ಲಿ ಹಿಡಿದ ಕಾಡ್ ಮೀನನ್ನು ಉಪ್ಪು ಸೋಕಿಸದೆ ಮರದ ಚಪ್ಪರಗಳಲ್ಲಿ ತೂಗುಹಾಕುವರು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಶೀತಗಾಳಿಯೇ ಅಲ್ಲಿ ಅಡಿಗೆಯವನು. ಹೀಗೆ ಒಣಗಿದ ಮೀನು ಕಟ್ಟಿಗೆಯಂತಾಗಿ ವರ್ಷಗಟ್ಟಲೆ ಕೆಡದು. ಆದರೆ ಕಟ್ಟಿಗೆಯನ್ನು ತಿನ್ನುವುದೆಂತು?

ಅದನ್ನು ಕೆಲವು ದಿನ ತಣ್ಣೀರಿನಲ್ಲಿ ನೆನೆಯಿಸಿ, ಬಳಿಕ ಸುಮಾರು 2 ದಿನ ಕ್ಷಾರಜಲದಲ್ಲಿ ಮುಳುಗಿಸುವರು. ಹಿಂದೆ ಬರ್ಚ್ ಮರದ ಬೂದಿಯಿಂದ ಇಳಿಸಿದ ನೀರನ್ನು ಬಳಸುತ್ತಿದ್ದರು. ಈಗ ಕಾಸ್ಟಿಕ್ ಸೋಡವೂ ಉಂಟು. ಕ್ಷಾರವು ಮಾಂಸದ ಪ್ರೋಟೀನನ್ನು ಸಡಿಲಿಸುವುದರಿಂದ ಮೀನು ನೀರು ಕುಡಿದು ಉಬ್ಬಿ, ಲೋಳೆಯಂತೆ ನಡುಗತೊಡಗುವುದು. ಆಗಲೇ ತಿಂದವನ ಬಾಯಿ ಬೇಯುವುದು ನಿಶ್ಚಯ. ಆದುದರಿಂದ ನೀರನ್ನು ಬದಲಾಯಿಸುತ್ತ ಮತ್ತೆ ಹಲವು ದಿನ ನೆನೆಸಿ, ಕ್ಷಾರವನ್ನು ಹೊರಗೆಡವಬೇಕು. ಕ್ಷಾರದಲ್ಲಿ ಬಹಳ ಕಾಲ ಮರೆತರೆ ಕೊಬ್ಬು ಸಾಬೂನಾಗುವುದು. ಅದು ಊಟಕ್ಕಿಂತ ಸ್ನಾನಕ್ಕೆ ಯೋಗ್ಯ!

ಹಾಗೆಂದು ನಾವು ಬಹಳ ನಗುವಂತಿಲ್ಲ. ನಮ್ಮ ಹಪ್ಪಳದ ಹಿಟ್ಟಿಗೆ ಬೆರೆಸುವ ಹಪ್ಪಳಖಾರವೂ ಕ್ಷಾರವೇ ಅಲ್ಲವೆ?

ಈ ಪದ್ಧತಿ ಹೊಸದಲ್ಲ. ಸ್ವೀಡನ್ನಿನ ಓಲಾಸ್ ಮಾಗ್ನಸ್ ಎಂಬ ಪಾದ್ರಿ 1555ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಇದರ ವರ್ಣನೆಯುಂಟು. ಮೀನಿನ ರುಚಿ ಬಹು ಸಪ್ಪೆ. ವಾಸನೆ ಮಾತ್ರ ಸಪ್ಪೆಯಲ್ಲ. ಬೆಣ್ಣೆ, ಹಂದಿಯ ಕೊಬ್ಬು, ಬಟಾಣಿ, ಆಲೂಗೆಡ್ಡೆಗಳೇ ಅದರ ಮಾನವನ್ನು ಕಾಪಾಡುವುವು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಡತನದಿಂದ ಹಡಗು ಹತ್ತಿ ಅಮೆರಿಕೆಗೆ ಹೋದ ನಾರ್ವೆಯವರು ಈ ಊಟವನ್ನೂ ಜೊತೆಗೆ ಕೊಂಡೊಯ್ದರು. ಮಿನೆಸೋಟ, ವಿಸ್ಕಾನ್ಸಿನ್ ಪ್ರಾಂತಗಳ ಚರ್ಚುಗಳಲ್ಲಿ ಇದರ ಸಂತರ್ಪಣೆಗಳು ನಡೆಯುವುವು. ಕೆಲಸಗಾರರನ್ನು ವಿಷವಸ್ತುಗಳಿಂದ ಎಚ್ಚರಿಸುವ ವಿಸ್ಕಾನ್ಸಿನ್ನಿನ ಕಾನೂನೊಂದು ‘ಲೂಟೆಫಿಸ್ಕ್ ವಿಷವಸ್ತುವಲ್ಲ’ ಎಂದು ಹೆಸರಿಟ್ಟು ವಿನಾಯಿತಿ ನೀಡಿದುದು, ಪಾಕಶಾಸ್ತ್ರದ ಇತಿಹಾಸದಲ್ಲಿ ಅಪರೂಪವಾದ ಪ್ರಶಸ್ತಿಪತ್ರ.

ಮೊಮ್ಮಕ್ಕಳು ಮೂಗು ಮುಚ್ಚಿಕೊಂಡು ನಗುವರು, ನಗುತ್ತಲೇ ತಿನ್ನುವರು. ಅಜ್ಜನ ಭಾಷೆಯನ್ನು ಮರೆತವರಿಗೂ ಅಜ್ಜನ ಹಸಿವಿನ ನೆನಪು ಆ ತಟ್ಟೆಯಲ್ಲಿ ದೊರೆಯುವುದು. ಕೆಲವು ಊಟಗಳನ್ನು ನಾಲಗೆ ಒಪ್ಪುವುದಿಲ್ಲ, ಮನಸ್ಸು ಬಿಡುವುದಿಲ್ಲ.